ತೂಕ ಇಳಿಸುವ ಆಪರೇಷನ್ ಆಗಿ ಹತ್ತು ವರ್ಷ. ಈಗ ‘ರಿವಿಷನ್’ ಬೇಕಾ? ಒಪ್ಪುವ ಮುಂಚೆ ತಿಳಿದಿರಬೇಕಾದ ಸಂಗತಿಗಳು

2011ರಲ್ಲಿ ಆಗಿನ ಬಿಜೆಪಿ ಅಧ್ಯಕ್ಷ ನಿತಿನ್ ಗಡ್ಕರಿ, 2014ರಲ್ಲಿ ಆಗಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಬೇರಿಯಾಟ್ರಿಕ್ ಸರ್ಜರಿ ಮಾಡಿಸಿಕೊಂಡರು. ಅಲ್ಲಿಂದೀಚೆಗೆ ಈ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತಾಯ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬೆಂಗಳೂರು ಹೆಚ್ಚೆಂದರೆ ಅರವತ್ತು ಕಿಲೋಮೀಟರ್. ಹೋಗೋದು, ಆಪರೇಷನ್ ಮಾಡಿಸೋದು, ವಾಪಸ್ ಬರೋದು ಕಷ್ಟವಲ್ಲ. ಆಮೇಲೆ ಹತ್ತು ವರ್ಷ ಬಿಡದೆ ಫಾಲೋ-ಅಪ್‌ಗೆ ಹೋಗೋದೇ ಕಷ್ಟ.

ಈಗ ನಿಮ್ಮ ಮನೆಯಲ್ಲಿ ಯಾರಿಗೋ ತೂಕ ಮತ್ತೆ ಏರಿದೆ, ಶುಗರ್ ವಾಪಸ್ ಬಂದಿದೆ, ಇಲ್ಲವೇ ರಾತ್ರಿ ಮಲಗಿದರೆ ಹುಳಿತೇಗು, ಎದೆಯುರಿ. ಡಾಕ್ಟರು “ರಿವಿಷನ್ ಮಾಡೋಣ” ಅಂದಿದ್ದಾರೆ. ಹೂಂ ಅನ್ನುವ ಮೊದಲು ಇದನ್ನು ಓದಿ.

ಮೊದಲು ಆಗಿದ್ದು ಯಾವ ಆಪರೇಷನ್?

ಬ್ಯಾಂಡ್: ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿ ಕಟ್ಟುವುದು. ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತ್ತು. ಪಟ್ಟಿ ಜಾರುವುದು, ಜಠರದ ಗೋಡೆಯನ್ನೇ ಕೊರೆಯುವುದು ಹೆಚ್ಚಾಗಿ, ಈಗ ಬಹುತೇಕ ಮೂಲೆಗೆ ಸರಿದಿದೆ.

ಸ್ಲೀವ್: ಜಠರದ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡುವುದು. ಇವತ್ತು ಅತಿ ಹೆಚ್ಚು ನಡೆಯುವುದು ಇದೇ.

ಬೈಪಾಸ್: ಸಣ್ಣ ಚೀಲ ಮಾಡಿ ಅದನ್ನು ಕರುಳಿನ ಕೆಳಭಾಗಕ್ಕೆ ಜೋಡಿಸುವುದು. ಎರಡು ಜೋಡಣೆ ಇರುವ ‘ರೂ-ಎನ್-ವೈ’ ಒಂದು, ಒಂದೇ ಜೋಡಣೆಯ ‘ಮಿನಿ ಬೈಪಾಸ್’ ಇನ್ನೊಂದು.

ಲೈಪೋಸಕ್ಷನ್ ಈ ಪಟ್ಟಿಯಲ್ಲಿ ಇಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ನಂತರ ಕಿರುತೆರೆ ನಟಿ ಚೇತನಾ ರಾಜ್ ತೀರಿಕೊಂಡಾಗ ಎರಡನ್ನೂ ಒಂದೇ ಅಂದುಕೊಂಡವರು ಬಹಳ. ಅದು ಚರ್ಮದಡಿಯ ಕೊಬ್ಬು ಹೀರುವ ಸೌಂದರ್ಯ ಚಿಕಿತ್ಸೆ. ಬೇರಿಯಾಟ್ರಿಕ್ ಅಂದರೆ ಜಠರ, ಕರುಳಿನ ರಚನೆಯನ್ನೇ ಬದಲಿಸುವುದು.

ತೂಕ ವಾಪಸ್ ಬಂದರೆ ಆಪರೇಷನ್ ಫೇಲಾ?

ಹಾಗೇನಿಲ್ಲ. ಮೊದಲ ಒಂದೆರಡು ವರ್ಷದಲ್ಲಿ ತೂಕ ಅತಿ ಕೆಳಗೆ ಹೋಗುತ್ತೆ, ಆಮೇಲೆ ಸ್ವಲ್ಪ ಏರೋದು ಸಹಜ. ಹಸಿವಿನ ಹಾರ್ಮೋನುಗಳು ಬದಲಾಗುತ್ತವೆ, ಚೀಲ ಹಿಗ್ಗುತ್ತೆ, ಸ್ಟೀರಾಯ್ಡ್ ಮತ್ತು ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ತೂಕ ಏರಿಸುತ್ತವೆ. “ತಿಂದು ತಿಂದು ಕೆಡಿಸಿಕೊಂಡ್ರು” ಅಂತ ಮನೆಯವರು ಆಡುವ ಮಾತಿನಿಂದ ಆಗೋದು ಒಂದೇ: ಆ ವ್ಯಕ್ತಿ ನಾಚಿಕೆಪಟ್ಟು ಆಸ್ಪತ್ರೆ ಕಡೆ ತಲೆ ಹಾಕೋದನ್ನೇ ಬಿಡ್ತಾರೆ.

ಊಟದ ಲೆಕ್ಕವನ್ನೂ ಪ್ರಾಮಾಣಿಕವಾಗಿ ನೋಡಬೇಕು. ನಮ್ಮ ಕಡೆ ಮುದ್ದೆ ಅಗಿಯೋದಿಲ್ಲ, ನುಂಗೋದು. ಸಣ್ಣ ಚೀಲಕ್ಕೆ ಅದು ಒಗ್ಗಲ್ಲ, ಸಿಕ್ಕಿಕೊಂಡ ಹಾಗಾಗುತ್ತೆ. ಹಾಗಾಗಿ ಮುದ್ದೆ ಬಿಟ್ಟವರು ಸುಲಭವಾಗಿ ಇಳಿಯುವ ಬಿಸ್ಕತ್ತು, ಸಕ್ಕರೆ ಹಾಕಿದ ಟೀ, ಜ್ಯೂಸ್‌ಗೆ ಜಾರ್ತಾರೆ. ಹುರುಳಿ, ಅವರೆ, ಮೊಟ್ಟೆಯ ಪ್ರೋಟೀನ್ ತಟ್ಟೆಯಿಂದ ಮಾಯ. ಇದು ಡಯಟೀಶಿಯನ್ ಸರಿಪಡಿಸಬಹುದಾದ ಸಮಸ್ಯೆ, ಇದಕ್ಕೆ ಕತ್ತರಿ ಬೇಕಿಲ್ಲ.

ಹಾಗಾದರೆ ರಿವಿಷನ್ ಯಾವಾಗ?

ಗಟ್ಟಿ ಕಾರಣಗಳು ಇವು: ಮಾತ್ರೆಗೆ ಬಗ್ಗದ ಎದೆಯುರಿ, ಜಾರಿದ ಅಥವಾ ಕೊರೆದ ಬ್ಯಾಂಡ್, ವಾಸಿಯಾಗದ ಅಲ್ಸರ್, ಸ್ಲೀವ್ ಒಂದು ಕಡೆ ಕಿರಿದಾಗಿ ಊಟ ಇಳಿಯದಿರುವುದು, ತೀವ್ರ ಅಪೌಷ್ಟಿಕತೆ, ಶುಗರ್ ಜೊತೆ ತೂಕ ಗಣನೀಯವಾಗಿ ಮರಳುವುದು. ಸ್ಲೀವ್ ನಂತರದ ಎದೆಯುರಿಯನ್ನು ‘ಗ್ಯಾಸ್’ ಅಂತ ತಳ್ಳಿಹಾಕಬೇಡಿ. ಫಿನ್ಲೆಂಡಿನ ‘ಸ್ಲೀವ್‌ಪಾಸ್’ ಅಧ್ಯಯನದಲ್ಲಿ ಹತ್ತು ವರ್ಷದ ಬಳಿಕ ಅನ್ನನಾಳದ ಉರಿಯೂತ ಸ್ಲೀವ್ ಆದವರಲ್ಲಿ 31%, ಬೈಪಾಸ್ ಆದವರಲ್ಲಿ 7% ಕಂಡುಬಂತು. ಎದೆಯುರಿಯೇ ಸಮಸ್ಯೆಯಾದರೆ ಸಾಮಾನ್ಯ ದಾರಿ ಸ್ಲೀವ್‌ನಿಂದ ರೂ-ಎನ್-ವೈ ಬೈಪಾಸ್‌ಗೆ ಬದಲಾವಣೆ. ಬ್ಯಾಂಡ್ ಆದರೆ ಮೊದಲು ತೆಗೆದು, ಗಾಯ ಮಾಗಿದ ಮೇಲೆ ಎರಡನೇ ಹಂತ ಮಾಡೋದು ಹಲವು ಬಾರಿ ಸುರಕ್ಷಿತ.

ತೀರ್ಮಾನಕ್ಕೆ ಮುಂಚೆ ಎಂಡೋಸ್ಕೋಪಿ, ಬೇರಿಯಂ ಎಕ್ಸ್‌ರೇ ಅಥವಾ ಸಿಟಿ, ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಆಲ್ಬುಮಿನ್, ಎಚ್‌ಬಿಎ1ಸಿ, ಥೈರಾಯ್ಡ್ ಆಗಿರಬೇಕು. ಇವು ಯಾವುದೂ ಇಲ್ಲದೆ ಡೇಟ್ ಕೊಡುವ ಕಡೆ ಎರಡನೇ ಅಭಿಪ್ರಾಯ ಕೇಳಿ.

ರಿಸ್ಕ್ ಮೊದಲನೇ ಸಲಕ್ಕಿಂತ ಹೆಚ್ಚು. ಒಳಗೆ ಅಂಗಗಳು ಅಂಟಿಕೊಂಡಿರುತ್ತವೆ, ಹೊಲಿಗೆ ಸೋರುವ ಸಾಧ್ಯತೆ ಜಾಸ್ತಿ, ಇಳಿಯುವ ತೂಕ ಸಾಮಾನ್ಯವಾಗಿ ಕಮ್ಮಿ. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಆಪರೇಷನ್ ನಂತರ 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಬೇಕು ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಕೇವಲ ತೂಕವೇ ಸಮಸ್ಯೆಯಾದರೆ ಔಷಧಿಯ ದಾರಿಯೂ ಇದೆ. ಟಿರ್ಜೆಪಟೈಡ್ (ಮೌಂಜಾರೊ) 2025ರ ಮಾರ್ಚ್‌ನಲ್ಲಿ, ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ (ವೆಗೊವಿ) ಅದೇ ಜೂನ್‌ನಲ್ಲಿ ಭಾರತಕ್ಕೆ ಬಂದವು. ನಿಲ್ಲಿಸಿದರೆ ತೂಕ ಮರಳುತ್ತೆ, ಹಾಗಾಗಿ ಖರ್ಚು ವರ್ಷಗಟ್ಟಲೆ. ಡಾಕ್ಟರ ಚೀಟಿ ಇಲ್ಲದೆ ಮುಟ್ಟಬೇಡಿ.

ಹಳೇ ದಾಖಲೆ ಎಲ್ಲಿದೆ?

ಎರಡನೇ ಸರ್ಜನ್‌ಗೆ ಮೊದಲನೆಯವರ ‘ಆಪರೇಷನ್ ನೋಟ್ಸ್’ ಬೇಕು: ಕರುಳಿನ ಎಷ್ಟು ಉದ್ದ ಬೈಪಾಸ್ ಮಾಡಿದ್ದಾರೆ, ಎಲ್ಲಿ ಜೋಡಿಸಿದ್ದಾರೆ ಅನ್ನೋದು ಅದರಲ್ಲೇ ಇರೋದು. 2002ರ ವೈದ್ಯಕೀಯ ಮಂಡಳಿ ನಿಯಮಗಳ ಪ್ರಕಾರ, ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಆದರೆ ಇಟ್ಟುಕೊಳ್ಳಬೇಕಾದ ಅವಧಿ ಚಿಕಿತ್ಸೆ ಶುರುವಾದಾಗಿನಿಂದ ಬರೀ 3 ವರ್ಷ! ಬದುಕಿಡೀ ಫಾಲೋ-ಅಪ್ ಬೇಕಾದ ಆಪರೇಷನ್‌ಗೆ ಮೂರು ವರ್ಷದ ಕಡತ. ಆಪರೇಷನ್ ಇತ್ತೀಚೆಗೆ ಆಗಿದ್ದರೆ ಇವತ್ತೇ ಅರ್ಜಿ ಕೊಟ್ಟು ಪ್ರತಿ ತೆಗೆದುಕೊಳ್ಳಿ.

ಕೊಡದೆ ಸತಾಯಿಸಿದರೆ? ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕಿರುವ ಕೆಪಿಎಂಇ ಕಾಯ್ದೆಯ 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಪಟ್ಟಿ ಇದೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರವೂ ಇದೆ. ದೂರು ಕೊಡಬೇಕಾದ್ದು ಆಸ್ಪತ್ರೆ ಇರುವ ಜಿಲ್ಲೆಯಲ್ಲಿ.

ಇನ್ಶೂರೆನ್ಸ್‌ನ ಕೊಕ್ಕೆ

ವಿಮಾ ಪ್ರಾಧಿಕಾರದ 2019ರ ಮಾರ್ಗಸೂಚಿಯಂತೆ ತೂಕದ ಸರ್ಜರಿಗೆ ಹಣ ಸಿಗಬೇಕಾದರೆ 18 ದಾಟಿರಬೇಕು, ಬಿಎಂಐ 40 ಇರಬೇಕು. ಇಲ್ಲವೇ 35 ಇದ್ದು ಹತೋಟಿಗೆ ಬಾರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾ, ಹೃದ್ರೋಗದಂಥ ಕಾಯಿಲೆ ಇರಬೇಕು. ಭಾರತೀಯರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುತ್ತೆ ಅಂತ ವೈದ್ಯರೇ ಇಲ್ಲಿನ ಮಿತಿಯನ್ನು 37.5 ಮತ್ತು 32.5ಕ್ಕೆ ಇಳಿಸಿದ್ದಾರೆ. 2022ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಏಷ್ಯನ್ನರಿಗೆ 27.5ರಿಂದಲೇ ಸರ್ಜರಿ ಪರಿಗಣಿಸಬಹುದು ಅನ್ನುತ್ತೆ. ಅಂದರೆ 160 ಸೆಂ.ಮೀ. ಎತ್ತರ, 86 ಕೆ.ಜಿ. ತೂಕ, ಹತೋಟಿ ತಪ್ಪಿದ ಶುಗರ್ ಇರುವ ಚನ್ನಪಟ್ಟಣದ ಮಹಿಳೆ ವೈದ್ಯರ ಲೆಕ್ಕದಲ್ಲಿ ಅರ್ಹಳು, ವಿಮೆಯ ಲೆಕ್ಕದಲ್ಲಿ ಅಲ್ಲ.

ರಿವಿಷನ್ ಆಗುತ್ತಿರೋದು ಎದೆಯುರಿಗೋ ಅಲ್ಸರ್‌ಗೋ ಆದರೆ, ಡಾಕ್ಟರ ಪತ್ರದಲ್ಲಿ ಆ ಕಾರಣ ಎಂಡೋಸ್ಕೋಪಿ ವರದಿಯ ಸಮೇತ ಸ್ಪಷ್ಟವಾಗಿರಲಿ. ಪಾಲಿಸಿ ಕೊಳ್ಳುವಾಗ ಹಳೇ ಆಪರೇಷನ್ ಮುಚ್ಚಿಡಬೇಡಿ. 2024ರ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. ಕ್ಲೇಮ್ ತಿರಸ್ಕರಿಸಿದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಬಿಪಿಎಲ್ ಕಾರ್ಡ್ ಇದ್ದವರು ಅಡ್ಮಿಟ್ ಆಗುವ ಮೊದಲೇ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಆರೋಗ್ಯ ಮಿತ್ರರ ಹತ್ತಿರ ವಿಚಾರಿಸಿ.

ಕಾಯಬಾರದ ಲಕ್ಷಣಗಳು

ಬೈಪಾಸ್ ಆದವರಿಗೆ ದಿಢೀರ್ ತೀವ್ರ ಹೊಟ್ಟೆನೋವು ಬಂದರೆ ಕರುಳು ಒಳಗೇ ಸಿಕ್ಕಿಕೊಂಡಿರಬಹುದು. ಹತ್ತು ವರ್ಷವಾದ ಮೇಲೂ ಇದಾಗುತ್ತೆ. ದಿನಗಟ್ಟಲೆ ವಾಂತಿಯಾದರೆ ವಿಟಮಿನ್ ಬಿ1 ಕುಸಿದು ಮಿದುಳಿಗೆ ಪೆಟ್ಟು ಬೀಳಬಹುದು. ಕಪ್ಪು ಮಲ, ರಕ್ತವಾಂತಿ ಕೂಡ ತುರ್ತು. ಹತ್ತಿರದ ಆಸ್ಪತ್ರೆಗೆ ಹೋದ ಕೂಡಲೇ “ಬೇರಿಯಾಟ್ರಿಕ್ ಆಗಿದೆ” ಅಂತ ಮೊದಲು ಹೇಳಿ.

ಊರಲ್ಲೇ ಆಗಬೇಕಾದ್ದು

ಎನ್‌ಎಫ್‌ಎಚ್‌ಎಸ್-5ರ (2019-21) ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಸುಮಾರು ಮೂವರು ವಯಸ್ಕರಿಗೆ ತೂಕ ಜಾಸ್ತಿ. 2023ರಲ್ಲಿ ಮೆಡಿಕಲ್ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಅಂತ ಬಂದ್ ಕರೆಯೇ ಆಯ್ತು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಯ್ತು. ಬೋರ್ಡು ಬದಲಾದರೂ, ಆಪರೇಷನ್ ಆದವರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಬಿ12, ಫೆರಿಟಿನ್ ಪರೀಕ್ಷೆಗೆ ಮಾಗಡಿಯಿಂದ ಬಸ್ ಹತ್ತುವ ಹಾಗಿರಬಾರದು. ತಾಲೂಕು ಆಸ್ಪತ್ರೆಯಲ್ಲಿ ಆ ರಕ್ತಪರೀಕ್ಷೆ, ತಿಂಗಳಿಗೊಮ್ಮೆ ಡಯಟೀಶಿಯನ್, ಬಿ12 ಇಂಜೆಕ್ಷನ್: ದೊಡ್ಡ ಬೇಡಿಕೆಯೇನಲ್ಲ. ಸರ್ಜರಿ ಬೆಂಗಳೂರಿನಲ್ಲಿ ಆಗಲಿ, ಫಾಲೋ-ಅಪ್ ಊರಲ್ಲಾಗಲಿ. ಅಷ್ಟಾದರೆ ಎರಡನೇ ಆಪರೇಷನ್‌ನ ಮಾತು ಎಷ್ಟೋ ಮನೆಗಳಲ್ಲಿ ಬರೋದೇ ಇಲ್ಲ. ಮುಂದಿನ ಸಲ ಶಾಸಕರು ನಿಮ್ಮ ವಾರ್ಡಿಗೆ ಬಂದಾಗ ಇದನ್ನೂ ಕೇಳಿ.