ಕರ್ನಾಟಕ ಕರಾವಳಿಯ ಬೂತಾಯಿ ಮೀನುಗಾರಿಕೆ

ತಲಪಾಡಿಯಿಂದ ಮಾಜಾಳಿಯವರೆಗಿನ ಸುಮಾರು 320 ಕಿ.ಮೀ. ಕಡಲತೀರದ ಮೀನುಗಾರಿಕೆ ಬಹುಕಾಲ ಬೂತಾಯಿ ಮತ್ತು ಬಂಗುಡೆ ಮೀನುಗಳನ್ನೇ ನೆಚ್ಚಿಕೊಂಡಿತ್ತು. ಬೂತಾಯಿಯ ಆಯುಸ್ಸು ಎರಡು ಮೂರು ವರ್ಷ. ಒಂದು ವರ್ಷ ತುಂಬುವಷ್ಟರಲ್ಲಿ ಅದು ಮೊಟ್ಟೆಯಿಡುತ್ತದೆ. ಮುಂಗಾರಿನಲ್ಲಿ ಕಡಲಿನ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇರಿದಾಗ ಹುಟ್ಟುವ ಸೂಕ್ಷ್ಮ ಸಸ್ಯಗಳೇ ಅದರ ಮುಖ್ಯ ಆಹಾರ. ಹೀಗಾಗಿ ಒಂದು ಮಳೆಗಾಲ ಕೆಟ್ಟರೆ ಮುಂದಿನ ವರ್ಷದ ಬಲೆ ಬರಿದಾಗುವುದುಂಟು. ಈ ಏರಿಳಿತ ಪ್ರಕೃತಿ ಸಹಜವಾದದ್ದು. ಆದರೆ ಬಿದ್ದ ಸಂತತಿ ಮತ್ತೆ ಏಳುವ ಮೊದಲೇ ಅದರ ಮರಿಗಳನ್ನು ಬಾಚುವುದು ಮನುಷ್ಯ ಸೇರಿಸಿದ ಕೇಡು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಫ್ರೆಡರಿಕ್ ನಿಕಲ್ಸನ್ ಬೂತಾಯಿ ಎಣ್ಣೆ ಮತ್ತು ಗೊಬ್ಬರದ ತಯಾರಿಕೆಗೆ ಉತ್ತೇಜನ ಕೊಟ್ಟರು. ಹಿಡಿತ ಇಳಿಯತೊಡಗಿದಾಗ, 1943ರಲ್ಲಿ, ಪ್ರಾಂತ್ಯದ ಸರ್ಕಾರ ಮರಿ ಬೂತಾಯಿ ಹಿಡಿಯುವುದಕ್ಕೂ ಕೆಲವು ಬಲೆಗಳಿಗೂ ನಿರ್ಬಂಧ ಹೇರಿತು. ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಲಾಯಿತು. ದಕ್ಷಿಣ ಕನ್ನಡ ಆಗ ಅದೇ ಪ್ರಾಂತ್ಯದಲ್ಲಿತ್ತು. ಅಂದರೆ ಮರಿ ಮೀನಿನ ಚರ್ಚೆ ಇಲ್ಲಿ ಯಾಂತ್ರಿಕ ಬೋಟಿಗಿಂತ ಹಳೆಯದು.

ಆ ಕಾಲದ ಮುಖ್ಯ ಸಾಧನ ರಂಪಣಿ ಎಂಬ ಬಲೆ. ಮೊಗವೀರರು, ಖಾರ್ವಿಗಳು, ಹರಿಕಂತ್ರರು ಹತ್ತಾರು ಮಂದಿ ಕೂಡಿ, ದಡಕ್ಕೆ ಹತ್ತಿರ ಬಂದ ಮೀನಿನ ಹಿಂಡನ್ನು ದೋಣಿಯಿಂದ ಬಲೆ ಬಿಟ್ಟು ಸುತ್ತುವರಿದು, ಎರಡು ತುದಿಗಳ ಹಗ್ಗ ಹಿಡಿದು ಮರಳಿಗೆ ಎಳೆಯುತ್ತಿದ್ದರು. ಬಂದ ಮೀನನ್ನು ದೋಣಿ, ಬಲೆ, ದುಡಿಮೆ ಎಂದು ಪಾಲು ಹಾಕುತ್ತಿದ್ದರು. ಹೆಂಗಸರು ಅಲ್ಲೇ ಕೊಂಡು, ಬುಟ್ಟಿ ಹೊತ್ತು ಊರೂರಿಗೆ ಮಾರುತ್ತಿದ್ದರು. ದಡಕ್ಕೆ ಬಾರದ ಹಿಂಡು ರಂಪಣಿಗೆ ಸಿಗುತ್ತಿರಲಿಲ್ಲ. ಆ ಮಿತಿಯೇ ಮೀನಿಗೆ ರಕ್ಷೆಯಾಗಿತ್ತು ಎಂಬುದನ್ನು ಅದು ಇಲ್ಲವಾದ ಮೇಲೆ ಗುರುತಿಸಿದವರೇ ಹೆಚ್ಚು.

1970ರ ದಶಕದ ನಡುವೆ ಮಂಗಳೂರು, ಮಲ್ಪೆಗಳಲ್ಲಿ ಕಾಣಿಸಿಕೊಂಡ ಪರ್ಸೀನ್ ಬೋಟುಗಳು ಹಿಂಡನ್ನು ಕಡಲಿನಲ್ಲೇ ಸುತ್ತುವರಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಹೆಚ್ಚಿನ ಊರುಗಳಲ್ಲಿ ನಿಂತುಹೋಯಿತು. ಎರಡು ಬಣಗಳ ನಡುವೆ ಜಗಳಗಳೂ ನಡೆದವು. ರಂಪಣಿಯವರಲ್ಲಿ ಹಲವರು ಪರ್ಸೀನ್‌ನಲ್ಲಿ ಕೆಲಸಕ್ಕೆ ಸೇರಿದರು. ಮೀನು ಊರ ದಡ ಬಿಟ್ಟು ಬಂದರಿನ ದಕ್ಕೆಗೆ ಹೋದಾಗ ಬುಟ್ಟಿಯ ವ್ಯಾಪಾರವೂ ಕುಗ್ಗಿತು. ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ, ಬದಲಾವಣೆ ನಡೆದು ಹೋದ ಮೇಲೆ.

ಇನ್ನೊಂದೆಡೆ, ಬಲೆಯನ್ನು ಎಳೆದುಕೊಂಡು ಸಾಗುವ ಟ್ರಾಲ್ ಬೋಟುಗಳು ಸಣ್ಣ ಕಣ್ಣಿನ ಬಲೆಯಲ್ಲಿ ತರುವ ಮರಿ ಮೀನಿಗೆ, ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗಳಲ್ಲಿ ಗಿರಾಕಿ ಸಿಕ್ಕಿತು. ರಾತ್ರಿ ಪ್ರಖರ ದೀಪ ಉರಿಸಿ ಮೀನು ಕೂಡಿಸುವ ಪದ್ಧತಿ ಬೆಳೆಯಿತು. ಕೇಂದ್ರ ಸರ್ಕಾರ ಅದನ್ನು 2017ರ ನವೆಂಬರಿನಲ್ಲಿ ನಿಷೇಧಿಸಿತು. ಬೂತಾಯಿ ಎಷ್ಟು ಬೀಳಬಲ್ಲದೆಂಬುದನ್ನು ನೆರೆಯ ಕೇರಳ ಕಂಡಿದೆ: 2012ರಲ್ಲಿ ಸುಮಾರು 3.9 ಲಕ್ಷ ಟನ್ ಹಿಡಿದ ಆ ರಾಜ್ಯಕ್ಕೆ 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ಕಡಲಿನ ಬಿಸಿ, ಮಳೆಯ ವ್ಯತ್ಯಾಸ, ಅತಿಯಾದ ಹಿಡಿತ, ಮೂರೂ ಇದಕ್ಕೆ ಕಾರಣ. ಸರ್ಕಾರದ ಕೈಯಲ್ಲಿರುವುದು ಕೊನೆಯದು ಮಾತ್ರ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೂತಾಯಿ ಮೊಟ್ಟೆಯಿಡುವ ಕಾಲದೊಡನೆ ಇದು ಬಹುಮಟ್ಟಿಗೆ ಹೊಂದುತ್ತದೆ, ಮೀನುಗಾರರೂ ಒಪ್ಪಿ ನಡೆದಿದ್ದಾರೆ. ಆದರೆ ರಜೆಯಲ್ಲಿ ಹುಟ್ಟಿದ ಮರಿ ಆಗಸ್ಟಿನ ನಂತರ ಬಲೆಗೆ ಬಿದ್ದರೆ ಆ ತ್ಯಾಗದ ಫಲ ದಕ್ಕುವುದಿಲ್ಲ. ಬಲೆಯ ಕಣ್ಣಿನ ಅಳತೆಯನ್ನು ದಕ್ಕೆಯಲ್ಲೇ ಪರೀಕ್ಷಿಸಬೇಕು, ಮರಿ ಮೀನಿನ ಲಾರಿಯನ್ನು ಕಾರ್ಖಾನೆಯ ಗೇಟಿನಲ್ಲೇ ತಡೆಯಬೇಕು.