ಮಂತ್ರವಿಸ್ಮೃತಿ: ಕಥಾಪ್ರಧಾನವಾದ ಆಟಗಳಲ್ಲಿ ಒಂದು ಕಟ್ಟಳೆಯ ಚರಿತ್ರೆ

೧

ಮಂತ್ರವಾದಿಯು ಮಂತ್ರವನ್ನು ಒಮ್ಮೆ ಪ್ರಯೋಗಿಸಿದೊಡನೆಯೇ ಅದು ಅವನ ನೆನಪಿನಿಂದ ಅಳಿದುಹೋಗುವುದು. ಮತ್ತೆ ಬೇಕಾದಲ್ಲಿ ಗ್ರಂಥವನ್ನು ತೆರೆದು ಹೊಸದಾಗಿ ಕಂಠಸ್ಥ ಮಾಡಿಕೊಳ್ಳಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ ಹುಟ್ಟಿ ದೇಶಾಂತರಗಳಿಗೆ ಹಬ್ಬಿದ ಕಥಾಪ್ರಧಾನವಾದ ಆಟಗಳಲ್ಲಿ ಈ ಕಟ್ಟಳೆಯಷ್ಟು ಪ್ರಸಿದ್ಧವೂ ವಿವಾದಗ್ರಸ್ತವೂ ಆದುದು ವಿರಳ. ಈ ಆಟಗಳಲ್ಲಿ ಆಟಗಾರರು ಒಂದೊಂದು ಪಾತ್ರವನ್ನು ವಹಿಸುವರು. ನಿರ್ವಾಹಕನೊಬ್ಬನು ಕಲ್ಪಿತ ಲೋಕವನ್ನು ವರ್ಣಿಸುವನು. ಸಂದಿಗ್ಧವಾದ ಕಾರ್ಯಗಳ ಫಲವನ್ನು ದಾಳಗಳು ನಿರ್ಣಯಿಸುವುವು. ಇಂಥ ಲೋಕದಲ್ಲಿ ಮಾಯಾವಿದ್ಯೆಗೆ ಮೇರೆಯಿಲ್ಲದೆ ಹೋದರೆ ಕಥೆಯೇ ಉಳಿಯದು. ಎಲ್ಲವನ್ನೂ ಮಾಡಬಲ್ಲವನಿಗೆ ಕಷ್ಟವಿಲ್ಲ, ಕಷ್ಟವಿಲ್ಲದವನಿಗೆ ಕಥೆಯಿಲ್ಲ. ಆದುದರಿಂದ ಮಾಯಾವಿದ್ಯೆಯನ್ನು ರಚಿಸುವುದೆಂದರೆ ಮುಖ್ಯವಾಗಿ ಅದರ ಮಿತಿಯನ್ನು ರಚಿಸುವುದೇ ಆಗಿದೆ. ಆ ಮಿತಿಯು ಕೇವಲ ಲೆಕ್ಕಾಚಾರವೇ, ಅಥವಾ ಅದಕ್ಕೆ ಕಾವ್ಯಾರ್ಥವೂ ಉಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ವಿಸ್ಮೃತಿಯ ಕಟ್ಟಳೆಯು ನಡೆದುಬಂದ ದಾರಿಯನ್ನು ಪರಿಶೀಲಿಸಿದರೆ ಇದಕ್ಕೆ ಉತ್ತರವು ದೊರೆಯುತ್ತದೆ.

೨

ಈ ಕಟ್ಟಳೆಯ ಮೂಲವು ಆಟವಲ್ಲ, ಕಥೆ. ಕ್ಯಾಲಿಫೋರ್ನಿಯದ ಕಥೆಗಾರ ಜ್ಯಾಕ್ ವಾನ್ಸ್ (೧೯೧೬–೨೦೧೩) ಅವರ ‘ದಿ ಡೈಯಿಂಗ್ ಅರ್ತ್’ ಎಂಬ ಕಥಾಸಂಗ್ರಹವು ೧೯೫೦ರಲ್ಲಿ ಪ್ರಕಟವಾಯಿತು. ಅದರಲ್ಲಿ ವರ್ಣಿತವಾಗಿರುವುದು ಅತಿದೂರದ ಭವಿಷ್ಯತ್ಕಾಲ. ಸೂರ್ಯನು ಕೆಂಪಾಗಿ ಕ್ಷೀಣಿಸಿ ಆರಿಹೋಗುವ ಸ್ಥಿತಿಯಲ್ಲಿದ್ದಾನೆ, ನಗರಗಳು ಪಾಳುಬಿದ್ದಿವೆ, ಪೂರ್ವಿಕರ ವಿದ್ಯೆಗಳಲ್ಲಿ ಹೆಚ್ಚಿನವು ಲುಪ್ತವಾಗಿವೆ. ಹಿಂದೆ ಸಾವಿರಾರು ಇದ್ದ ಮಂತ್ರಗಳಲ್ಲಿ ಈಗ ಉಳಿದಿರುವುವು ನೂರಕ್ಕೆ ತುಸು ಮೇಲೆ. ಅವಾದರೂ ಎಷ್ಟು ಪ್ರಬಲವೆಂದರೆ, ಟುರ್ಜಾನ್ ಎಂಬ ಮಾಂತ್ರಿಕನ ಮಿದುಳು ಒಮ್ಮೆಗೆ ನಾಲ್ಕನ್ನು ಮಾತ್ರ ಧರಿಸಬಲ್ಲದು.

ಈ ಮಿತಿಯಿಂದ ಕಥೆಯು ಹೇಗೆ ಹುಟ್ಟುತ್ತದೆಂಬುದಕ್ಕೆ ಅದೇ ಸಂಗ್ರಹದ ಮಜೀರಿಯನ್ನನ ಕಥೆಯು ಉತ್ತಮವಾದ ನಿದರ್ಶನ. ತನ್ನ ತೋಟದ ಬಳಿ ಸುಳಿಯುವ ಯುವತಿಯೊಬ್ಬಳನ್ನು ಹಿಡಿಯಬೇಕೆಂಬ ಆಸೆಯಿಂದ ಅವನು ಐದು ಮಂತ್ರಗಳನ್ನು ಆರಿಸಿ, ಬಹು ಪ್ರಯಾಸದಿಂದ ತಲೆಯಲ್ಲಿ ತುಂಬಿಕೊಂಡು ಹೊರಡುವನು. ದಾರಿಯಲ್ಲಿ ಒದಗುವ ಒಂದೊಂದು ವಿಪತ್ತಿಗೂ ಒಂದೊಂದು ಮಂತ್ರವು ವೆಚ್ಚವಾಗುವುದು. ಕೊನೆಗೆ ಬರಿಗೈಯವನಾಗಿ ಕಾಡಿನಲ್ಲಿಯೇ ಅಳಿಯುವನು. ಓದುಗನು ಎಣಿಸುತ್ತ ಹೋಗುವುದು ಮಂತ್ರಗಳ ಸಂಖ್ಯೆಯನ್ನಾದರೂ, ಅವನಿಗೆ ಕಾಣುವುದು ದುರಾಶೆಯ ಪರಿಣಾಮ. ಅಷ್ಟೇ ಅಲ್ಲ, ಲೋಕವು ತನ್ನ ವಿದ್ಯೆಯನ್ನು ಮರೆಯುತ್ತಿರುವಂತೆಯೇ ಮಾಂತ್ರಿಕನೂ ಮರೆಯುತ್ತಾನೆ. ವ್ಯಕ್ತಿಯ ಮರೆವು ಲೋಕದ ಅವಸಾನಕ್ಕೆ ಪ್ರತಿಬಿಂಬವಾಗಿದೆ.

ಭಾರತದ ಕರ್ಣನಿಗೂ ಬೇಕಾದ ಹೊತ್ತಿನಲ್ಲಿ ಅಸ್ತ್ರವು ಮರೆತುಹೋಗುವುದೆಂಬುದು ಇಲ್ಲಿ ಸ್ಮರಣೆಗೆ ಬರತಕ್ಕ ಸಂಗತಿ. ಆದರೆ ಅದು ಗುರುಶಾಪ. ಒಬ್ಬನಿಗೆ ಮಾತ್ರ ಸೇರಿದುದು. ವಾನ್ಸರಲ್ಲಿ ಮರೆವು ಶಾಪವಲ್ಲ, ಲೋಕನಿಯಮ. ಶಾಪವನ್ನು ಎಲ್ಲರಿಗೂ ಸಮನಾಗಿ ಹಂಚಲಾಗದು, ನಿಯಮವನ್ನು ಹಂಚಬಹುದು. ಈ ಭೇದವಿದ್ದುದರಿಂದಲೇ ಅದು ಕಥೆಯಿಂದ ಆಟಕ್ಕೆ ದಾಟುವುದು ಸಾಧ್ಯವಾಯಿತು.

೩

ದಾಟಿಸಿದವರು ವಿಸ್ಕಾನ್ಸಿನ್ ಪ್ರಾಂತದ ಲೇಕ್ ಜಿನೀವದ ಗ್ಯಾರಿ ಗೈಗ್ಯಾಕ್ಸ್ (೧೯೩೮–೨೦೦೮). ಅವರು ಜೆಫ್ ಪೆರೆನ್ ಅವರೊಡಗೂಡಿ ೧೯೭೧ರಲ್ಲಿ ‘ಚೇನ್‌ಮೇಲ್’ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದರು. ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆಗಳನ್ನು ನಡೆಸುವ ಆಟವದು. ಅದರ ಅನುಬಂಧದಲ್ಲಿ ಮಾಂತ್ರಿಕನೂ ಬರುವನು. ಆದರೆ ಅವನ ಅಗ್ನಿಗೋಳಕ್ಕೆ ದೊಡ್ಡ ಕವಣೆಯಂತ್ರದ ಅಳತೆ, ಸಿಡಿಲಿಗೆ ಭಾರಿ ಫಿರಂಗಿಯ ಅಳತೆ. ಎಂದರೆ, ಅಲ್ಲಿ ಮಾಂತ್ರಿಕನು ಗಡ್ಡ ಬಿಟ್ಟ ಫಿರಂಗಿದಳವೇ ಹೊರತು ಬೇರೆಯಲ್ಲ.

೧೯೭೪ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ (೧೯೪೭–೨೦೦೯) ಅವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂದಿತು. ಒಂದು ಪೆಟ್ಟಿಗೆಯಲ್ಲಿ ಮೂರು ಕಿರುಹೊತ್ತಗೆಗಳು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಇದರಲ್ಲಿ ಬೊಂಬೆಯ ಸೈನ್ಯವು ಹಿಂದಾಗಿ ಏಕವ್ಯಕ್ತಿಯ ಸಾಹಸವು ಮುಂದಾಯಿತು. ದಣಿಯದ ಫಿರಂಗಿಯೊಂದು ನಾಲ್ಕೈದು ಮಂದಿ ಸಂಗಡಿಗರ ನಡುವೆ ಇದ್ದರೆ ಉಳಿದವರ ಕತ್ತಿಗೆ ಕೆಲಸವೇ ಇರದು. ಆದಕಾರಣ ವಾನ್ಸರ ನಿಯಮವು ಉಪಯೋಗಕ್ಕೆ ಬಂದಿತು. ಮಾಂತ್ರಿಕನ ಮಂತ್ರಗಳನ್ನು ಆರು ಅಂತಸ್ತುಗಳಾಗಿ ವಿಂಗಡಿಸಲಾಯಿತು. ೧೯೭೫ರ ಅನುಬಂಧದಲ್ಲಿ ಅವು ಒಂಬತ್ತಾದುವು. ಹೊಸದಾಗಿ ಹೊರಟ ಮಾಂತ್ರಿಕನಿಗೆ ದೊರೆಯುತ್ತಿದ್ದುದು ಒಂದೇ ಮಂತ್ರ. ೧೯೭೯ರ ತಮ್ಮ ಗ್ರಂಥದಲ್ಲಿ ಗೈಗ್ಯಾಕ್ಸ್ ಅವರು ತಮ್ಮ ಮೇಲೆ ಪ್ರಭಾವ ಬೀರಿದ ಲೇಖಕರಲ್ಲಿ ವಾನ್ಸರನ್ನು ಹೆಸರಿಸಿ ಈ ಋಣವನ್ನು ಒಪ್ಪಿಕೊಂಡಿದ್ದಾರೆ.

ಇದರಿಂದಾದ ಲಾಭವು ಅಲ್ಪವಲ್ಲ. ಪ್ರಯಾಣಕ್ಕೆ ಮುಂಚೆ ಯಾವ ಮಂತ್ರವನ್ನು ಆರಿಸಬೇಕೆಂಬಲ್ಲಿ ದೂರದೃಷ್ಟಿಯೂ, ಇದ್ದುದನ್ನು ಯಾವಾಗ ವ್ಯಯಿಸಬೇಕೆಂಬಲ್ಲಿ ವಿವೇಕವೂ ಆವಶ್ಯಕವಾದುವು. ಆದರೆ ಬಂದುದು ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಕಾರಣವಾಗಿದ್ದ ಆರುವ ಸೂರ್ಯನು ಪುಸ್ತಕದಲ್ಲಿಯೇ ಉಳಿದನು. ಲೋಕವು ತರುಣವಾಗಿರುವಾಗ ಮಾಂತ್ರಿಕನೇಕೆ ಮರೆಯಬೇಕು?

೪

ಈ ಆಕ್ಷೇಪವು ಬೇಗನೆ ಕೇಳಬಂದಿತು. ೧೯೭೫ರಲ್ಲಿ ಆರಿಜೋನದ ಕೆನ್ ಸೇಂಟ್ ಆಂಡ್ರೆ ಅವರು ‘ಟನಲ್ಸ್ ಅಂಡ್ ಟ್ರೋಲ್ಸ್’ ಎಂಬ ಆಟದಲ್ಲಿ ಮರೆವನ್ನು ಬಿಟ್ಟು ಆಯಾಸವನ್ನು ಹಿಡಿದರು. ಮಂತ್ರಪ್ರಯೋಗಕ್ಕೆ ದೇಹಬಲವೇ ಬೆಲೆ. ೧೯೭೮ರ ‘ರೂನ್‌ಕ್ವೆಸ್ಟ್’ ಮತ್ತಷ್ಟು ಮುಂದೆ ಹೋಯಿತು. ಗ್ರೆಗ್ ಸ್ಟಾಫರ್ಡ್ ಅವರು ಕಲ್ಪಿಸಿದ ಗ್ಲೊರಾಂತ ಎಂಬ ಲೋಕದಲ್ಲಿ ಹಿರಿಯ ಮಂತ್ರಗಳು ದೇವತೆಗಳ ಸಂಪ್ರದಾಯಗಳಿಗೆ ಸೇರಿದವರಿಗೆ ಮಾತ್ರ ಲಭ್ಯ. ಅಲ್ಲಿ ಮಿತಿಯು ಸಮಾಜದಿಂದಲೂ ಪುರಾಣದಿಂದಲೂ ಹುಟ್ಟಿದುದರಿಂದ ಅದಕ್ಕೆ ಪುನಃ ಅರ್ಥವು ಬಂದಿತು. ೧೯೮೭ರ ‘ಆರ್ಸ್ ಮ್ಯಾಜಿಕ’ವು ಐದು ಲ್ಯಾಟಿನ್ ಕ್ರಿಯಾಪದಗಳನ್ನೂ ಹತ್ತು ನಾಮಪದಗಳನ್ನೂ ಸೇರಿಸಿ ಮಂತ್ರಗಳನ್ನು ರಚಿಸುವ ಕ್ರಮವನ್ನು ತಂದು, ಮಾಯಾವಿದ್ಯೆಯನ್ನು ವ್ಯಾಕರಣವನ್ನಾಗಿ ಮಾಡಿತು.

ಮೂಲದ ಆಟದ ಗತಿಯು ಬೇರೆಯಾಯಿತು. ೨೦೧೪ರ ಐದನೆಯ ಪರಿಷ್ಕರಣದಲ್ಲಿ ಪ್ರಯೋಗಿಸಿದ ಮಂತ್ರವು ಮರೆತುಹೋಗುವುದಿಲ್ಲ. ನಿಯತವಾದ ಶಕ್ತಿಯ ಪಾಲು ಮಾತ್ರ ಕಳೆಯುವುದು. ನಲವತ್ತು ವರ್ಷಗಳ ಬಳಿಕ ಮರೆವನ್ನು ತೆಗೆದುಹಾಕಿದರೂ ಲೆಕ್ಕವು ಹಾಗೆಯೇ ನಿಂತಿತು. ಆ ಆಟದಲ್ಲಿ ಮರೆವು ಲೆಕ್ಕಕ್ಕೆ ತೊಡಿಸಿದ ಉಡುಗೆಯಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

೫

ಮರೆವಿಗೆ ಕಥೆಯನ್ನು ಹಿಂದಿರುಗಿಸಿದ್ದು ಕಂಪ್ಯೂಟರಿನ ಆಟ. ಮಾರ್ಕ್ ಬ್ಲ್ಯಾಂಕ್ ಮತ್ತು ಡೇವ್ ಲೆಬ್ಲಿಂಗ್ ಅವರು ಇನ್ಫೋಕಾಮ್ ಸಂಸ್ಥೆಗಾಗಿ ರಚಿಸಿದ ‘ಎನ್‌ಚ್ಯಾಂಟರ್’ (೧೯೮೩) ಚಿತ್ರಗಳಿಲ್ಲದ, ಬರಿಯ ಮಾತಿನ ಆಟ. ಬಹುಪಾಲು ಮಂತ್ರಗಳನ್ನು ಇಲ್ಲಿಯೂ ಕಲಿತು, ಪ್ರಯೋಗಿಸಿ, ಮರೆಯಬೇಕು. ಆದರೆ ಕಥಾನಾಯಕನು ಅನನುಭವಿಯಾದ ಶಿಷ್ಯ. ಬಲ್ಲ ಮಾಂತ್ರಿಕನು ಬಂದರೆ ಕ್ರಿಲ್ ಎಂಬ ದುಷ್ಟನು ಪತ್ತೆಹಚ್ಚುವನೆಂದೇ ಅಲ್ಪಜ್ಞನನ್ನು ಕಳುಹಿಸಲಾಗಿದೆ. ಹೀಗಾಗಿ ಅವನ ಮಿತಿಯೇ ಅವನ ಅರ್ಹತೆ. ‘ಓಜ್ಮೂ’ ಎಂಬ ಮಂತ್ರವು ದುರ್ಮರಣದಿಂದ ಪಾರುಮಾಡುವುದು; ಅದರ ಫಲವನ್ನು ಪಡೆಯಬೇಕಾದರೆ ಆಟಗಾರನು ಮೊದಲು ಅದನ್ನು ತನ್ನ ಮೇಲೆ ಪ್ರಯೋಗಿಸಿಕೊಂಡು, ತಿಳಿದೂ ತಿಳಿದೂ ಬಲಿಪೀಠಕ್ಕೆ ಹೋಗಬೇಕು. ನಿಯಮದಲ್ಲಿ ಇಟ್ಟ ನಂಬಿಕೆಯು ಇಲ್ಲಿ ಧೈರ್ಯವಾಗಿ ಪರಿಣಮಿಸುತ್ತದೆ.

ಲೆಬ್ಲಿಂಗ್ ಅವರ ‘ಸ್ಪೆಲ್‌ಬ್ರೇಕರ್’ (೧೯೮೫) ಈ ಮಾಲೆಯ ಕೊನೆಯದು. ಅದರ ಆರಂಭದಲ್ಲಿಯೇ ಮಂತ್ರಗಳು ವಿಫಲವಾಗತೊಡಗಿರುತ್ತವೆ. ಅಂತ್ಯದಲ್ಲಿ ಲೋಕದ ಹಿತಕ್ಕಾಗಿ ಮಾಯಾವಿದ್ಯೆಯನ್ನೇ ತೊರೆಯಬೇಕಾಗುತ್ತದೆ. ವಾನ್ಸರಲ್ಲಿ ಕೆಲವು ಮಂತ್ರಗಳು ಉಳಿದು ಲೋಕವು ಸಾಯುತ್ತಿದ್ದಿತು; ಇಲ್ಲಿ ಲೋಕವು ಉಳಿಯಲೆಂದು ಮಂತ್ರಗಳು ಸಾಯುತ್ತವೆ.

ಮೊದಲು ಇನ್ಫೋಕಾಮಿನಲ್ಲಿದ್ದ ಬ್ರಯನ್ ಮೊರಿಯಾರ್ಟಿ ಅವರ ‘ಲೂಮ್’ (೧೯೯೦) ಎಂಬ ಆಟದಲ್ಲಿ ನೇಕಾರರ ಸಂಘದ ಹುಡುಗನು ನೂಲಿನ ಕದಿರುಕೋಲಿನಿಂದ ನಾಲ್ಕು ಸ್ವರಗಳ ಮಂತ್ರಗಳನ್ನು ನುಡಿಸುವನು. ಅನೇಕ ಮಂತ್ರಗಳನ್ನು ಹಿಂದುಮುಂದಾಗಿ ನುಡಿಸಿದರೆ ಫಲವೂ ವಿಪರ್ಯಾಸಗೊಳ್ಳುವುದು. ಆಟವು ಸ್ವರಗಳನ್ನು ತಾನಾಗಿ ಬರೆದಿಡುವುದಿಲ್ಲ. ಆಟಗಾರನೇ ಕೇಳಿ ನೆನಪಿಡಬೇಕು, ಇಲ್ಲವೇ ಆಟದೊಡನೆ ಕೊಟ್ಟಿದ್ದ ಪುಸ್ತಕದಲ್ಲಿ ಗುರುತುಹಾಕಿಕೊಳ್ಳಬೇಕು. ಮರೆವಿನ ಭಯವು ನಾಯಕನಿಂದ ಆಟಗಾರನಿಗೆ ವರ್ಗವಾಯಿತು.

೬

ಈವರೆಗಿನ ಪರಿಶೀಲನೆಯಿಂದ ಒಂದು ಸಂಗತಿಯು ಸ್ಪಷ್ಟಪಡುತ್ತದೆ. ಮಾಯಾವಿದ್ಯೆಯ ಮಿತಿಯು ಆಟದಲ್ಲಿ ಸಮತೆಯನ್ನು ಕಾಯುವುದು. ಅಷ್ಟಕ್ಕೇ ನಿಂತರೆ ಅದು ಲೆಕ್ಕ. ಅದೇ ಮಿತಿಯು ಲೋಕದ ಸ್ಥಿತಿಯಿಂದ ಹುಟ್ಟಿ ಪಾತ್ರದ ಗತಿಯನ್ನು ನಿರ್ಣಯಿಸಿದಾಗ ಕಾವ್ಯವಾಗುವುದು. ಕಟ್ಟಳೆ ಎರಡು ಕಡೆಯಲ್ಲಿಯೂ ಒಂದೇ. ಆದಕಾರಣ ಸಾಹಿತ್ಯವನ್ನು ಬೋಧಿಸತಕ್ಕವರು ಈ ಆಟಗಳ ನಿಯಮಪುಸ್ತಕಗಳನ್ನು ಬರಿಯ ಕೋಷ್ಟಕಗಳೆಂದು ತಳ್ಳಿಹಾಕುವುದು ಯುಕ್ತವಲ್ಲ. ಕಥೆಯಲ್ಲಿ ಕವಿಯು ಮಾತಿನಿಂದ ಸಾಧಿಸುವುದನ್ನು ಆಟದಲ್ಲಿ ರಚಕನು ನಿಯಮದಿಂದ ಸಾಧಿಸುವನು. ಅವನು ಸೋತಿರುವ ಎಡೆಗಳೂ ಗೆದ್ದಿರುವ ಎಡೆಗಳೂ ಸಮಾನವಾಗಿ ಅಧ್ಯಯನಯೋಗ್ಯವಾಗಿವೆ.