ಹೊಂಗಡಹಳ್ಳದ ನೀರಿಗೆ ಎಷ್ಟು ಲೆಕ್ಕ?

ಹೊಂಗಡಹಳ್ಳ ಊರೂ ಹೌದು, ಹಳ್ಳವೂ ಹೌದು. ಸಕಲೇಶಪುರದ ಈ ಕಾಡಿನ ನೀರು ಗುಂಡ್ಯ ಹೊಳೆ, ಕುಮಾರಧಾರಾ ಸೇರಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಆದರೆ ಯೋಜನೆಗಳ ಕಡತದಲ್ಲಿ ಇದೇ ನೀರನ್ನು ಎರಡು ಸಲ ಬೇರೆ ಕಡೆಗೆ ಬರೆಯಲಾಗಿದೆ.

ಮೊದಲನೆಯದು ಗುಂಡ್ಯ ಜಲವಿದ್ಯುತ್ ಯೋಜನೆ. ಸುತ್ತಲ ಹಳ್ಳಗಳ ನೀರನ್ನು ಬೆಟ್ಟಕುಮರಿ ಬಳಿ ಜಲಾಶಯದಲ್ಲಿ ತುಂಬಿ, ಮೊದಲ ಹಂತದಲ್ಲಿ 200 ಮೆಗಾವ್ಯಾಟ್ ಕರೆಂಟ್ ತೆಗೆಯುವ ಲೆಕ್ಕ ಅದು. 2011ರಲ್ಲಿ ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಸಮಿತಿ ಇದಕ್ಕೆ ಅನುಮತಿ ಕೊಡಬಾರದು ಎಂದಿತು. ಅಣೆಕಟ್ಟು ಏಳಲಿಲ್ಲ.

ಮರುವರ್ಷವೇ, 2012ರಲ್ಲಿ, ಎತ್ತಿನಹೊಳೆ ಯೋಜನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿತು. ಎತ್ತಿನಹೊಳೆ, ಕಾಡುಮನೆ ಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಗೆ ಎಂಟು ಒಡ್ಡು ಕಟ್ಟಿ, ಮಳೆಗಾಲದಲ್ಲಿ 24.01 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಕಳಿಸುವುದು ಗುರಿ. ಅಲ್ಲಿನವರ ಬಾಯಾರಿಕೆ ಸುಳ್ಳಲ್ಲ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದವರು ಅವರು. ಪ್ರಶ್ನೆ ಇರುವುದು ನಮ್ಮಲ್ಲಿ ಅಷ್ಟು ನೀರಿದೆಯೇ ಎಂಬುದು.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಈ ಹಳ್ಳಗಳಿಗೆ ನೀರು ಹರಿದು ಬರುವ ಜಾಗ ಸುಮಾರು 180 ಚದರ ಕಿಲೋಮೀಟರ್. ಅಷ್ಟು ನೆಲದ ಮೇಲೆ 24 ಟಿಎಂಸಿ ಹರಡಿದರೆ ಮೂರೂಮುಕ್ಕಾಲು ಮೀಟರ್ ಎತ್ತರ ನಿಲ್ಲುತ್ತದೆ. ಅಂದರೆ ಹೆಚ್ಚುಕಡಿಮೆ ವರ್ಷದ ಮಳೆಯಷ್ಟೇ! ಹಾಗಾದರೆ ಮರ ಕುಡಿಯುವುದು, ನೆಲಕ್ಕೆ ಇಂಗುವುದು, ತೋಟಕ್ಕೆ, ಮೀನಿಗೆ ಬೇಕಾದದ್ದು ಎಲ್ಲಿಂದ ಬರಬೇಕು? 2015ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ತಂಡ ಇದನ್ನೆಲ್ಲ ಕಳೆದು ನೋಡಿತು. ಹಳ್ಳಗಳಲ್ಲಿ ಸಿಗುವುದು 9.55 ಟಿಎಂಸಿ, ಹೊರಗೆ ಕೊಡಬಹುದಾದದ್ದು ಒಂದು ಟಿಎಂಸಿಗೂ ಕಡಿಮೆ ಎಂದಿತು.

ಇನ್ನೊಂದು ಸೂಕ್ಷ್ಮವಿದೆ. ನದಿಯ ಲೆಕ್ಕ ಹಾಕುವವರು ಜಲಾಶಯವನ್ನು ಬ್ಯಾಂಕ್ ಖಾತೆಯಂತೆ ನೋಡುತ್ತಾರೆ: ಬಂದದ್ದು, ಆವಿಯಾದದ್ದು, ಬಿಟ್ಟದ್ದು, ಉಳಿದದ್ದು. ಗೊರೂರಿನ ಹೇಮಾವತಿ ಜಲಾಶಯ ಆಷಾಢದ ನೀರನ್ನು ಬೇಸಿಗೆಗೆ ಕೂಡಿಡಬಲ್ಲದು. ಒಡ್ಡಿಗೆ ಆ ಶಕ್ತಿಯಿಲ್ಲ. ಜೋರು ಮಳೆಯ ದಿನ ಪಂಪು ಎಳೆದಷ್ಟು ಮೇಲಕ್ಕೆ, ಉಳಿದದ್ದು ಕೆಳಕ್ಕೆ. ಮಳೆ ಬಿಡುವು ಕೊಟ್ಟ ದಿನ ಪಂಪಿಗೂ ಕೆಲಸ ಕಡಿಮೆ. ಆದ್ದರಿಂದ ವರ್ಷದ ಒಟ್ಟು ಮಳೆ ನೋಡಿ ಒಡ್ಡಿನ ಲೆಕ್ಕ ಬರೆಯಲಾಗದು, ದಿನದಿನದ ಹರಿವು ಬೇಕು. ಸಂಗ್ರಹವೆಲ್ಲ ದೂರದ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವಿನಲ್ಲಿ ಆಗಬೇಕಿತ್ತು. ಮುಳುಗಡೆಯ ವಿರೋಧದಿಂದ ಆ ಜಲಾಶಯದ ಅಳತೆಯನ್ನೂ ಇಳಿಸಬೇಕಾಯಿತು.

8,323 ಕೋಟಿಯಿಂದ ಶುರುವಾದ ವೆಚ್ಚ 23,000 ಕೋಟಿ ದಾಟಿದೆ. 2024ರ ಸೆಪ್ಟೆಂಬರ್ 6ರ ಗೌರಿ ಹಬ್ಬದಂದು ಮೊದಲ ಹಂತದ ಪಂಪುಗಳು ಶುರುವಾದವು. ಇನ್ನು ವಾದಕ್ಕಿಂತ ಅಳತೆ ಮುಖ್ಯ. ಪ್ರತಿ ಒಡ್ಡಿನಲ್ಲಿ ಇವತ್ತು ಎಷ್ಟು ಬಂತು, ಎಷ್ಟು ಎತ್ತಿದರು, ಹಳ್ಳಕ್ಕೆ ಎಷ್ಟು ಬಿಟ್ಟರು? ಈ ಮೂರು ಅಂಕಿ ದಿನಾ ಪಂಚಾಯಿತಿ ಬೋರ್ಡಿನ ಮೇಲೆ ಬರಲಿ. ಹೊಂಗಡಹಳ್ಳದವರೂ ಓದಲಿ, ಕೋಲಾರದವರೂ ಓದಲಿ.